ಹಳೇ ಮನೆಯ ಹಲಗೆ ನೆಲಕ್ಕೆ ಪಿಯು ಹೊಡೆಸೋದಾ, ಎಣ್ಣೆ ಹಚ್ಚೋದಾ?

ಮಲೆನಾಡಿನ ಹಳೇ ಮನೆಯ ಮಹಡಿ ಹಲಗೆಗಳನ್ನು ಉಜ್ಜಿಸಿ ಸರಿಮಾಡಿಸುತ್ತಿರುವವರಿಗೆ ಒಂದು ಮಾತು. ಪಾಲಿಶ್‌ನವರು ಹೇಳಿದರು ಅಂತ ಸುಮ್ನೆ ಹೊಳೆಯುವ ಪಿಯು (ಪಾಲಿಯುರೆಥೇನ್ ವಾರ್ನಿಷ್) ಹೊಡೆಸಬೇಡಿ.

ಪಿಯು ಗಟ್ಟಿ, ನಿಜ. ನೀರು ಚೆಲ್ಲಿದರೂ ತಡೆಯುತ್ತೆ. ಆದರೆ ಅದು ಮರದ ಮೇಲೆ ಕೂರುವ ಪದರ. ಮಳೆಗಾಲದಲ್ಲಿ ಹಲಗೆ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿದಾಗ ಸಂದಿಯ ಹತ್ತಿರ ಬಿರುಕು ಬಿಡಬಹುದು. ಒಂದು ಕಡೆ ಎದ್ದರೆ ಅಷ್ಟಕ್ಕೇ ತೇಪೆ ಹಾಕಿದ್ದು ಎದ್ದು ಕಾಣುತ್ತೆ. ಇಡೀ ಕೋಣೆ ಮತ್ತೆ ಉಜ್ಜಬೇಕಾಗುತ್ತೆ.

ಮಲಗುವ ಕೋಣೆ, ಹೆಚ್ಚು ಓಡಾಟವಿಲ್ಲದ ಮಹಡಿಗೆ ನನ್ನ ಆಯ್ಕೆ ಎಣ್ಣೆಯೇ. ಬೇಗ ಒಣಗುವ ಅಗಸೆ ಎಣ್ಣೆ ತಗೊಳ್ಳಿ, ಹಸಿ ಎಣ್ಣೆ ತುಂಬಾ ದಿನ ಅಂಟಂಟಾಗಿರುತ್ತೆ. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ. ಒಣಗಿದ ಮೇಲೆ ಇನ್ನೊಂದು ಕೈ. ಸವೆದ ಜಾಗಕ್ಕೆ ಮಾತ್ರ ಮತ್ತೆ ಹಚ್ಚಿದರೂ ಬೆರೆತುಹೋಗುತ್ತೆ, ಅಲ್ವಾ, ಅದೇ ಇದರ ದೊಡ್ಡ ಲಾಭ.

ಮಕ್ಕಳು, ನಾಯಿ ಓಡಾಡುವ ಹಜಾರವಾದರೆ ಪಿಯು ಇರಲಿ, ಅದರಲ್ಲೂ ಹೊಳಪಿಲ್ಲದ ಮ್ಯಾಟ್ ಬಗೆಯದ್ದು ತಗೊಳ್ಳಿ, ಗೀರು ಕಡಿಮೆ ಕಾಣುತ್ತೆ. ಹಲಗೆ ತೇಗದ್ದಾದರೆ ಅದರ ಎಣ್ಣೆ ಅಂಶ ಹೋಗಲು ಮೊದಲು ಥಿನ್ನರ್‌ನಲ್ಲಿ ಒರೆಸಿ. ಹಳೇ ಮೇಣ ಉಳಿದಿದ್ದರೆ ಪಿಯು ಹಿಡಿಯೋದೇ ಇಲ್ಲ. ಅರಗಿನ ಪಾಲಿಶ್ ನೆಲಕ್ಕೆ ಬೇಡ, ನೀರು ಬಿದ್ದರೆ ಬಿಳಿ ಕಲೆ.

ದಯವಿಟ್ಟು ಗಮನಿಸಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಿ ಒಣಗಿಸಿ.