ಹಳೆಯ ನಾಣ್ಯದ ಕಲೆ: ತೆಗೆಯಬೇಕೆ, ಬಿಡಬೇಕೆ?

ಚಿತ್ರದುರ್ಗ, ದಾವಣಗೆರೆಯ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಸಿಗುವ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಗೋ ತಾಮ್ರದ ಕಾಸಿಗೋ ಹುಣಸೆಹಣ್ಣು ಹಚ್ಚಿ ತಿಕ್ಕುವವರಿದ್ದಾರೆ. ಪಾತ್ರೆಗೆ ಒಪ್ಪುವ ಈ ಕ್ರಮ ನಾಣ್ಯಕ್ಕೆ ಸಲ್ಲದು. ಆಮ್ಲವು ಮೇಲ್ಪದರವನ್ನು ಕರಗಿಸುತ್ತದೆ, ತಿಕ್ಕಾಟವು ಅಕ್ಷರಗಳ ಅಂಚನ್ನು ಸವೆಸುತ್ತದೆ. ಹಾಗೆ ಹೊಳೆಯುವ ಹಳೆಯ ನಾಣ್ಯಕ್ಕೆ ಸಂಗ್ರಾಹಕರು ಕಡಿಮೆ ಬೆಲೆಯನ್ನೇ ಕಟ್ಟುತ್ತಾರೆ.

ಬೆಳ್ಳಿಯ ಕಪ್ಪು ಗಂಧಕದ ಸಂಯುಕ್ತ, ತಾಮ್ರದ ಕಂದು ಬಣ್ಣ ಆಕ್ಸೈಡ್. ಇವೆರಡನ್ನೂ ಹಾಗೆಯೇ ಬಿಡುವುದು ಲೇಸು.

ಮಣ್ಣು ಅಂಟಿದ್ದರೆ ಬೆಳ್ಳಿ, ತಾಮ್ರದ ನಾಣ್ಯಗಳನ್ನು ಬೇರೆ ಬೇರೆಯಾಗಿ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಉಜ್ಜದೆ, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಬೇಕು. ನಾಣ್ಯ ಇಡುವ ಪಿವಿಸಿ ಪ್ಲಾಸ್ಟಿಕ್ ಹಾಳೆಯಿಂದ ಬಂದ ಹಸಿರು ಅಂಟನ್ನು ಶುದ್ಧ ಅಸಿಟೋನ್ ಎಂಬ ದ್ರಾವಕ ತೆಗೆಯುತ್ತದೆ. ಅದು ಥಟ್ಟನೆ ಹೊತ್ತಿಕೊಳ್ಳುವುದರಿಂದ ಒಲೆಯಿಂದ ದೂರ, ಕಿಟಕಿ ತೆರೆದು, ಗಾಜಿನ ಬಟ್ಟಲಲ್ಲಿ ಬಳಸಬೇಕು. ತಾಮ್ರದ ಮೇಲೆ ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆ ಮಾತ್ರ ಕ್ಲೋರೈಡ್ ಎಂಬ ಲವಣಾಂಶ ಲೋಹವನ್ನು ಕೊರೆಯುತ್ತಿರುವುದರ ಕುರುಹಾಗಿರಬಹುದು. ಅಂಥ ನಾಣ್ಯವನ್ನು ತೇವವಿಲ್ಲದೆಡೆ ಪ್ರತ್ಯೇಕವಾಗಿಟ್ಟು ಪರಿಣತರಿಗೆ ತೋರಿಸಬೇಕು.

ಚಂದ್ರವಳ್ಳಿಯ ಉತ್ಖನನದಲ್ಲಿ ದೊರೆತ ಶಾತವಾಹನರ ನಾಣ್ಯಗಳಂಥ ಸೀಸದ ನಾಣ್ಯಗಳ ವಿಷಯವೇ ಬೇರೆ: ಮರದ ಪೆಟ್ಟಿಗೆಯ ಆಮ್ಲೀಯ ಆವಿಯೂ ಸೀಸವನ್ನು ಬಿಳಿ ಪುಡಿಯಾಗಿಸುತ್ತದೆ, ಆ ಪುಡಿ ವಿಷಕಾರಿ. ನೆಲದಲ್ಲಿ ಹೂತಿದ್ದ ನಾಣ್ಯಗಳು ಸಿಕ್ಕರಂತೂ ತೊಳೆಯಲು ಹೋಗದೆ, 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.