ಮೈಕಲ್ ಕ್ಯಾರಿಕ್‌ನನ್ನು ನೋಡಿ ನಾನು ಮಿಡ್‌ಫೀಲ್ಡ್ ಕಲಿತದ್ದು

ಟೀವಿಯಲ್ಲಿ ಫುಟ್‌ಬಾಲ್ ಮ್ಯಾಚ್ ನೋಡಿ ಮಿಡ್‌ಫೀಲ್ಡ್, ಅಂದ್ರೆ ಮೈದಾನದ ನಡುವಿನ ಆಟ ಕಲಿಯೋದು ಕಷ್ಟ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಮಿಡ್‌ಫೀಲ್ಡರ್‌ನ ಅರ್ಧ ಕೆಲಸ ಚೆಂಡು ಕಾಲಿಗೆ ಬರುವ ಮೊದಲೇ ಮುಗಿದಿರುತ್ತದೆ, ಅದು ಪರದೆ ಮೇಲೆ ಕಾಣುವುದೇ ಇಲ್ಲ. ಕೆಲಸಕ್ಕೆ ಅಂತ ಮ್ಯಾಂಚೆಸ್ಟರ್‌ಗೆ ಬಂದ ಮೇಲೆ, ಟಿಕೆಟ್ ಸಿಕ್ಕಾಗಲೆಲ್ಲ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮೈದಾನ ಓಲ್ಡ್ ಟ್ರಾಫರ್ಡ್‌ಗೆ ಹೋಗಿ, ಚೆಂಡನ್ನು ಬಿಟ್ಟು ಒಬ್ಬನೇ ಆಟಗಾರನನ್ನು ನೋಡುವ ಅಭ್ಯಾಸ ಮಾಡಿಕೊಂಡೆ. ಯುನೈಟೆಡ್‌ನ 16ನೇ ನಂಬರ್, ಮೈಕಲ್ ಕ್ಯಾರಿಕ್. ಇಲ್ಲಿನ ಭಾನುವಾರದ ಲೀಗ್‌ನಲ್ಲಿ ಡಿಫೆಂಡರ್‌ಗಳ ಮುಂದೆ ನಿಂತು ಆಡುವ ಜಾಗ ನನಗೆ ಸಿಕ್ಕಿದ್ದೂ, ಉಳಿದದ್ದೂ ಹಾಗೆ ನೋಡಿ ಕಲಿತದ್ದರಿಂದಲೇ.

ಅವನು ಹುಟ್ಟಿದ್ದು 1981ರಲ್ಲಿ, ಇಂಗ್ಲೆಂಡಿನ ಈಶಾನ್ಯದ ವಾಲ್ಸೆಂಡ್‌ನಲ್ಲಿ. ಟೈನ್ ನದಿ ದಂಡೆಯ ಊರು, ಹಡಗು ಕಟ್ಟುವವರ ಊರು. ಅಲ್ಲಿನ ವಾಲ್ಸೆಂಡ್ ಬಾಯ್ಸ್ ಕ್ಲಬ್ಬನ್ನು 1904ರಲ್ಲಿ ಶುರು ಮಾಡಿದವರು ಸ್ವಾನ್ ಹಂಟರ್ ಹಡಗು ಕಾರ್ಖಾನೆಯ ಕೆಲಸಗಾರರು. ಇಂಗ್ಲೆಂಡ್ ಪರ ಆಡಿದ ಆಲನ್ ಶಿಯರರ್, ಪೀಟರ್ ಬಿಯರ್ಡ್ಸ್‌ಲಿ ಅಲ್ಲಿಂದಲೇ ಬಂದವರು. ಕ್ಯಾರಿಕ್‌ನ ಅಪ್ಪ ಶನಿವಾರ ರಾತ್ರಿ ಆ ಕ್ಲಬ್ಬಿಗೆ ಸಹಾಯಕ್ಕೆ ಹೋಗುತ್ತಿದ್ದರು, ಪುಟ್ಟ ಹುಡುಗನೂ ಜೊತೆಗೆ ಹೋಗುತ್ತಿದ್ದ. ಐದೈದು ಜನರ ಆಟ, ಚಿಕ್ಕ ಜಾಗ. ಅಲ್ಲಿ ತಲೆ ಎತ್ತಿ ನೋಡದವನ ಕಾಲಲ್ಲಿ ಚೆಂಡು ಉಳಿಯಲ್ಲ. ಹದಿನೈದು ಹದಿನಾರರ ತನಕ ಅವನು ಆಡಿದ್ದು ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್ ಆಗಿ, ಮಿಡ್‌ಫೀಲ್ಡ್‌ಗೆ ಬಂದದ್ದು ಆಮೇಲೆ. ಫಾರ್ವರ್ಡ್‌ಗೆ ಚೆಂಡು ಯಾವಾಗ ಬೇಕು, ಯಾವ ಕಾಲಿಗೆ ಬೇಕು ಅನ್ನೋದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಅದಕ್ಕೇ ಅಂತ ನನ್ನ ಲೆಕ್ಕ.

ವೆಸ್ಟ್ ಹ್ಯಾಮ್‌ನ ಹುಡುಗರ ತಂಡದಲ್ಲಿ ಜೋ ಕೋಲ್ ಜೊತೆ 1999ರ ಎಫ್‌ಎ ಯೂತ್ ಕಪ್ ಗೆದ್ದ. ಫೈನಲ್‌ನ ಎರಡೂ ಲೆಗ್ ಸೇರಿ ಕೊವೆಂಟ್ರಿ ಮೇಲೆ 9-0. 2003ರಲ್ಲಿ ವೆಸ್ಟ್ ಹ್ಯಾಮ್ ಕೆಳಗಿನ ಡಿವಿಷನ್‌ಗೆ ಜಾರಿತು, 2004ರಲ್ಲಿ ಇವನು ಟಾಟನ್‌ಹ್ಯಾಮ್‌ಗೆ ಹೋದ, 2006ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಕೊಟ್ಟದ್ದು ತಂಡದ ಹಿಂದಿನ ನಾಯಕ ರಾಯ್ ಕೀನ್ ಬಿಟ್ಟುಹೋದ 16ನೇ ನಂಬರ್ ಜರ್ಸಿ. ಕೀನ್ ಅಂದ್ರೆ ಟ್ಯಾಕಲ್, ಕೂಗಾಟ, ಎದುರಾಳಿ ಎದೆಗೆ ಎದೆ ಕೊಡೋದು. ಕ್ಯಾರಿಕ್ ಅದ್ಯಾವುದನ್ನೂ ಮಾಡುತ್ತಿರಲಿಲ್ಲ. ಬಹಳ ಜನಕ್ಕೆ ಮೊದಲು ಇಷ್ಟ ಆಗಲಿಲ್ಲ. ಆದರೆ ಅದೇ ಸೀಸನ್‌ನಲ್ಲಿ ಲೀಗ್ ಪ್ರಶಸ್ತಿ ಬಂತು, 2007ರ ಏಪ್ರಿಲ್‌ನಲ್ಲಿ ರೋಮಾವನ್ನು 7-1ಕ್ಕೆ ಸೋಲಿಸಿದ ರಾತ್ರಿ ಎರಡು ಗೋಲು ಅವನದ್ದೇ. ಒಟ್ಟು ಐದು ಲೀಗ್ ಪ್ರಶಸ್ತಿ, ಜೊತೆಗೆ 2008ರಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್.

ಈಗ ಮೇಲಿನ ಸಾಲಿನಲ್ಲಿ ಕೂತು ನಾನು ಕಂಡದ್ದಕ್ಕೆ ಬರುತ್ತೇನೆ. ಚೆಂಡು ಹಿಂದಿರುವ ಡಿಫೆಂಡರ್ ಫರ್ಡಿನಾಂಡ್ ಕಾಲಲ್ಲಿದೆ ಅಂತಿಟ್ಟುಕೊಳ್ಳಿ. ಎಲ್ಲರ ಕಣ್ಣೂ ಅಲ್ಲೇ. ಕ್ಯಾರಿಕ್ ಮಾತ್ರ ಎಡ ಭುಜದ ಮೇಲಿಂದ ಹಿಂದೆ ನೋಡುತ್ತಾನೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾನೆ, ಬಲ ಭುಜದ ಮೇಲಿಂದ ಇನ್ನೊಮ್ಮೆ ನೋಡುತ್ತಾನೆ, ಪಾಸ್ ಹೊರಟು ಚೆಂಡು ದಾರಿಯಲ್ಲಿರುವಾಗ ಕತ್ತು ಮತ್ತೂ ಒಂದು ಸಲ ತಿರುಗುತ್ತದೆ. ಮೈ ನೇರವಾಗಿ ಚೆಂಡಿಗೆ ಎದುರಾಗಿಲ್ಲ, ಅರ್ಧ ತಿರುಗಿ ಮೈದಾನದ ಕಡೆ ತೆರೆದಿದೆ. ಚೆಂಡನ್ನು ದೂರದ ಕಾಲಿನಿಂದ, ಅಂದ್ರೆ ಅದು ಬರುವ ಕಡೆಯಿಂದ ಆಚೆಗಿರುವ ಕಾಲಿನಿಂದ ತಗೊಳ್ಳುತ್ತಾನೆ, ಅದೊಂದೇ ಟಚ್‌ನಲ್ಲಿ ಮುಂದಕ್ಕೆ ತಿರುಗಿಬಿಟ್ಟಿರುತ್ತಾನೆ. ಎದುರಾಳಿ ಓಡಿ ಬರುವಷ್ಟರಲ್ಲಿ ಚೆಂಡು ಮುಂದಿರುವ ರೂನಿ ಹತ್ತಿರ. ಓಟ ಜೋರಿಲ್ಲ, ಜಗಳ ಇಲ್ಲ. ಚೆಂಡು ಕಸಿಯೋದೂ ಹಾಗೇ, ಪಾಸ್ ಹೋಗಬೇಕಾದ ದಾರಿಯಲ್ಲಿ ಮೊದಲೇ ಹೋಗಿ ನಿಂತಿರುತ್ತಾನೆ.

ಇದನ್ನು ನನ್ನ ಕಾಲಿಗೆ ತಂದುಕೊಳ್ಳೋಕೆ ತುಂಬ ದಿನ ಹಿಡಿಯಿತು. ಹಫ್ ಎಂಡ್ ಮೈದಾನದಲ್ಲಿ ತಂಡದ ಇಬ್ಬರನ್ನು ಉಳಿಸಿಕೊಂಡು ಮಾಡುತ್ತಿದ್ದೆ. ಒಬ್ಬ ಮುಂದಿನಿಂದ ಪಾಸ್ ಕೊಡುತ್ತಾನೆ, ಇನ್ನೊಬ್ಬ ನನ್ನ ಹಿಂದೆ ನಿಂತು ಬೆರಳು ಎತ್ತಿ ಹಿಡಿಯುತ್ತಾನೆ. ಚೆಂಡು ನನಗೆ ಮುಟ್ಟುವ ಮೊದಲು ಎಷ್ಟು ಬೆರಳು ಅಂತ ಕೂಗಬೇಕು. ಮೊದಲು ಒಂದು ಸಲ ನೋಡಿದರೆ ಸಾಕಾಗುತ್ತಿತ್ತು, ಆಮೇಲೆ ಅವನು ಮಧ್ಯದಲ್ಲೇ ಬೆರಳು ಬದಲಾಯಿಸೋಕೆ ಶುರು ಮಾಡಿದ. ಆಗ ಚೆಂಡು ಹೊರಡುವ ಮೊದಲು ಒಂದು ಸಲ, ದಾರಿಯಲ್ಲಿದ್ದಾಗ ಇನ್ನೊಂದು ಸಲ ನೋಡಲೇಬೇಕು. ಇದರಿಂದ ಆದ ಲಾಭ ಇನ್ಯಾವ ಅಭ್ಯಾಸದಿಂದಲೂ ನನಗೆ ಆಗಿಲ್ಲ. ಗೈರ್ ಯೋರ್ಡೆಟ್ ಅನ್ನೋ ನಾರ್ವೆಯ ಸಂಶೋಧಕರು ಪ್ರೀಮಿಯರ್ ಲೀಗ್ ಆಟಗಾರರು ಹೀಗೆ ಎಷ್ಟು ಸಲ ತಲೆ ತಿರುಗಿಸುತ್ತಾರೆ ಅಂತ ಎಣಿಸಿದ್ದಾರೆ. ಜಾಸ್ತಿ ನೋಡುವವರ ಪಾಸ್ ಜಾಸ್ತಿ ಸರಿ ಹೋಗುತ್ತದೆ ಅಂತ ಅವರಿಗೆ ಕಂಡಿತು. ಮೊದಲ ಸಾಲಿನಲ್ಲಿ ಇದ್ದವರು ಇಂಗ್ಲೆಂಡಿನ ಮಿಡ್‌ಫೀಲ್ಡರ್‌ಗಳಾದ ಲ್ಯಾಂಪಾರ್ಡ್ ಮತ್ತು ಜೆರಾರ್ಡ್.

ಎರಡನೆಯದು ಪಾಸ್ ಯಾವ ಕಾಲಿಗೆ ಅನ್ನೋದು. ಗೆಳೆಯನ ಬೆನ್ನ ಹಿಂದೆ ಯಾರೂ ಇಲ್ಲದಿದ್ದರೆ ದೂರದ ಕಾಲಿಗೆ ಕೊಡುತ್ತೇನೆ, ಅವನು ತಿರುಗಬಹುದು. ಹಿಂದೆ ಯಾರೋ ಅಂಟಿಕೊಂಡಿದ್ದರೆ ಹತ್ತಿರದ ಕಾಲಿಗೆ, ಸ್ವಲ್ಪ ಗಟ್ಟಿಯಾಗಿ. ‘ಟರ್ನ್’ (ತಿರುಗು), ‘ಮ್ಯಾನ್ ಆನ್’ (ಹಿಂದೆ ಆಳಿದ್ದಾನೆ) ಅಂತ ಕೂಗುವುದನ್ನೂ ಬಿಡಲ್ಲ, ಮಳೆಗಾಳಿಯಲ್ಲಿ ಕೂಗು ಕೇಳದಿದ್ದರೂ ಚೆಂಡು ಬಂದ ಬಗೆಯಲ್ಲೇ ಅವನಿಗೆ ಗೊತ್ತಾಗಬೇಕು. ನವೆಂಬರ್‌ನಲ್ಲಿ ಹಫ್ ಎಂಡ್ ಹುಲ್ಲು ಕೆಸರಾಗಿ ಚೆಂಡು ನಡುವೆಯೇ ನಿಂತುಬಿಡುತ್ತದೆ. ಅಲ್ಲಿ ಕ್ಯಾರಿಕ್ ಥರ ಸವರಿದಂತೆ ಪಾಸ್ ಕೊಟ್ಟರೆ ನಡೆಯಲ್ಲ, ಚೆಂಡಿನ ಕೆಳಗೆ ಕಾಲು ಹಾಕಿ ಸ್ವಲ್ಪ ಎತ್ತಿ ಕಳಿಸಬೇಕು.

ಈ ಜಾಗದ ಇನ್ನೊಂದು ವಿಷಯವನ್ನೂ ಹೇಳಲೇಬೇಕು. 2009ರಲ್ಲಿ ರೋಮ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. ಹತ್ತನೇ ನಿಮಿಷದಲ್ಲಿ ಬಾರ್ಸಿಲೋನಾದ ಎಟೋ ಗೋಲು ಹೊಡೆದ. ಅದಕ್ಕೆ ದಾರಿಯಾದದ್ದು ತಾನು ಎದುರಾಳಿಗೆ ಬಿಟ್ಟುಕೊಟ್ಟ ಚೆಂಡು ಅಂತ ಕ್ಯಾರಿಕ್ ಮನಸ್ಸಿಗೆ ಹಚ್ಚಿಕೊಂಡ. ಸುಮಾರು ಎರಡು ವರ್ಷ ಖಿನ್ನತೆಯಲ್ಲಿದ್ದೆ, ಜೊತೆ ಆಟಗಾರರಿಗೂ ಹೇಳಿರಲಿಲ್ಲ ಅಂತ 2018ರಲ್ಲಿ ಹೇಳಿಕೊಂಡ. ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಆ ವರ್ಷಗಳಲ್ಲೇ ಅವನನ್ನು ನೋಡೋಕೆ ಅಂತ ನಾನು ಸ್ಟ್ಯಾಂಡ್‌ನಲ್ಲಿ ಕೂತಿದ್ದೆ, ಕತ್ತು ತಿರುಗಿದ್ದನ್ನೆಲ್ಲ ಗಮನಿಸಿದ್ದೆ, ಇದು ಮಾತ್ರ ಯಾರಿಗೆ ಕಾಣುತ್ತದೆ? ಡಿಫೆಂಡರ್‌ಗಳ ಮುಂದೆ ಆಡುವವನು ಐವತ್ತು ಪಾಸ್ ಸರಿ ಕೊಟ್ಟರೂ ಹೆಸರಿಲ್ಲ, ಒಂದು ತಪ್ಪಿದರೆ ಗೋಲು. ಇಂಗ್ಲೆಂಡ್ ಪರ ಅವನಿಗೆ ಸಿಕ್ಕಿದ್ದು ಬರೀ 34 ಪಂದ್ಯ. ಲ್ಯಾಂಪಾರ್ಡ್‌ಗೆ 106, ಜೆರಾರ್ಡ್‌ಗೆ 114. 2010ರ ವಿಶ್ವಕಪ್‌ಗೆ ಕರೆದುಕೊಂಡು ಹೋಗಿ ಒಂದು ನಿಮಿಷವೂ ಆಡಿಸಲಿಲ್ಲ. ಇದು ಅನ್ಯಾಯ ಅಂತಲೇ ನಾನು ಈಗಲೂ ಹೇಳುತ್ತೇನೆ. ನಮ್ಮ ತಂಡದಲ್ಲಿ ಈಗ ಗೋಲು ಬಿಟ್ಟುಕೊಟ್ಟವನ ಹತ್ತಿರ ಮ್ಯಾಚ್ ಮುಗಿದ ಕೂಡಲೇ ಒಬ್ಬರಾದರೂ ಹೋಗಿ ಮಾತಾಡಿಸುತ್ತೇವೆ, ಆಟದ ಬಗ್ಗೆಯೇ ಆಗಬೇಕು ಅಂತಿಲ್ಲ.

2018ರ ಮೇ 13, ವ್ಯಾಟ್‌ಫರ್ಡ್ ವಿರುದ್ಧ ಅವನ ಕೊನೆ ಮ್ಯಾಚ್. ಅದರ ಹಿಂದಿನ ಸೆಪ್ಟೆಂಬರ್‌ನಲ್ಲಿ ಆಡುವಾಗಲೇ ಎದೆ ಬಡಿತ ಏರುಪೇರಾಗಿ, ಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದ. ಆ ಕೊನೆ ಮ್ಯಾಚಿನ ಮೊದಲರ್ಧದಲ್ಲಿ ಡಿಫೆಂಡರ್‌ಗಳ ತಲೆ ಮೇಲಿಂದ ಉದ್ದ ಪಾಸ್ ಕೊಟ್ಟ, ಮಾಟಾ ಅದನ್ನು ಅಡ್ಡಕ್ಕೆ ತಳ್ಳಿದ, ರ‍್ಯಾಶ್‌ಫರ್ಡ್ ಗೋಲು. 1-0. ಗೋಲಿನ ಲೆಕ್ಕದಲ್ಲಿ ಕ್ಯಾರಿಕ್ ಹೆಸರೇ ಬರಲ್ಲ, ಆದರೆ ಡಿಫೆನ್ಸ್ ತೆರೆದದ್ದು ಆ ಪಾಸೇ ಅಲ್ವಾ.

ಬೆಂಗಳೂರಲ್ಲಿ ಆಫೀಸ್ ಮುಗಿಸಿ ಟರ್ಫ್ ಬುಕ್ ಮಾಡಿ ಐದೈದು ಜನ ಆಡುವ ಗೆಳೆಯರು ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಿರುತ್ತಾರೆ. ನಿಮ್ಮ ಟರ್ಫೇ ಒಳ್ಳೆ ಜಾಗ, ವಾಲ್ಸೆಂಡ್‌ನ ಹುಡುಗನೂ ಕಲಿತದ್ದು ಅಂಥ ಚಿಕ್ಕ ಜಾಗದಲ್ಲೇ. ಮೊದಮೊದಲು ಡ್ರಿಬಲ್ ಗಿಬಲ್ ಏನೂ ಬೇಡ. ಗೆಳೆಯನ ಕಾಲಲ್ಲಿ ಚೆಂಡು ಇರುವಾಗ ಎರಡೂ ಭುಜದ ಮೇಲಿಂದ ಒಂದೊಂದು ಸಲ ನೋಡಿ, ಮೈ ಅರ್ಧ ತೆರೆದು ನಿಂತುಕೊಳ್ಳಿ, ದೂರದ ಕಾಲಿನಿಂದ ಚೆಂಡು ತಗೊಳ್ಳಿ. ನೋಡೋದು ಮರೆತುಹೋಗುತ್ತಿದ್ದರೆ ಗೋಲ್‌ಕೀಪರ್‌ಗೆ ‘ಭುಜ’ ಅಂತ ಕೂಗೋಕೆ ಹೇಳಿಡಿ.