ಮೇಲ್ ಸರ್ವರ್‌ನ ಮೆಮೊರಿ ಯಾರು ತಿಂದರು?

ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ತೆರೆದುಕೊಡುವ ಡವ್‌ಕಾಟ್, ಮೇಲ್‌ಗಳನ್ನು ತಪಾಸಣೆಗೆ ಒಪ್ಪಿಸುವ ಅಮಾವಿಸ್, ವೈರಸ್ ಹುಡುಕುವ ಕ್ಲಾಮ್‌ಎವಿ. ಈ ನಾಲ್ಕನ್ನೂ 4 ಜಿಬಿ ರ‍್ಯಾಮ್‌ನ ಒಂದೇ ಲಿನಕ್ಸ್ ಯಂತ್ರದಲ್ಲಿ ಕೂರಿಸಿರುವ ಸಣ್ಣ ಕಚೇರಿಗಳ ಸರ್ವರ್‌ಗಳಿಗಾಗಿ ಈ ಬರಹ. ಮೆಮೊರಿ ಶೇ. 95 ದಾಟಿದೆ ಎಂಬ ಅಲರ್ಟ್ ಬಂದರೆ ಮೊದಲು ರೀಸ್ಟಾರ್ಟ್‌ಗೆ ಕೈ ಹಾಕಬೇಡಿ. ಎರಡು ದಿನ ತಣ್ಣಗಿದ್ದು ಮೂರನೇ ದಿನ ಅದೇ ಅಲರ್ಟ್ ಮತ್ತೆ ಬರುತ್ತದೆ, ಯಾವ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಉಬ್ಬಿತ್ತು ಎಂಬ ಸುಳಿವು ಮಾತ್ರ ಅಳಿಸಿಹೋಗಿರುತ್ತದೆ.

‘ಫ್ರೀ -ಎಮ್’ ಕೊಟ್ಟು ‘ಅವೈಲಬಲ್’ ಕಾಲಂ ನೋಡಿ. ‘ಫ್ರೀ’ ಕಾಲಂನಲ್ಲಿ 140 ಎಂಬಿ ಅಷ್ಟೇ ಕಂಡರೂ ‘ಅವೈಲಬಲ್’ 1,700 ಎಂಬಿ ಇದ್ದರೆ ನಿಮಗೆ ತೊಂದರೆಯೇ ಇಲ್ಲ. ಒಂದೊಂದು ಮೇಲನ್ನೂ ಒಂದೊಂದು ಫೈಲಾಗಿ ಇಡುವ ಮೇಲ್‌ಡಿರ್‌ನಲ್ಲಿ ಲಕ್ಷಾಂತರ ಸಣ್ಣ ಫೈಲ್‌ಗಳಿರುತ್ತವೆ. ಓದಿದ್ದನ್ನೆಲ್ಲ ಕರ್ನೆಲ್ (ಲಿನಕ್ಸ್‌ನ ತಿರುಳು) ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಯಾರಾದರೂ ಕೇಳಿದಾಗ ಬಿಟ್ಟುಕೊಡುತ್ತದೆ. ತಪ್ಪು ಕಾಲಂ ನೋಡುವ ಮಾನಿಟರಿಂಗ್‌ನಿಂದ ಬರುವ ಸುಳ್ಳು ಅಲರ್ಟ್‌ಗಳೂ ಕಡಿಮೆಯಿಲ್ಲ. ನಿಜವಾದ ಕೊರತೆ ತಿಳಿಯಲು ‘ವಿಎಮ್‌ಸ್ಟ್ಯಾಟ್ 1’ ಓಡಿಸಿ ‘ಎಸ್‌ಐ’, ‘ಎಸ್‌ಒ’ (ಸ್ವಾಪ್‌ನಿಂದ ಒಳಗೆ, ಸ್ವಾಪ್‌ಗೆ ಹೊರಗೆ) ಕಾಲಂಗಳ ಮೇಲೆ ಅರ್ಧ ನಿಮಿಷ ಕಣ್ಣಿಡಿ. ಆ ಎರಡೂ ಒಂದೇ ಸಮನೆ ಸೊನ್ನೆಗಿಂತ ಮೇಲಿದ್ದರೆ ಯಂತ್ರ ಸ್ವಾಪ್‌ನಲ್ಲಿ, ಅಂದರೆ ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗದಲ್ಲಿ, ಏದುಸಿರು ಬಿಡುತ್ತಿದೆ ಎಂದರ್ಥ.

ಆಮೇಲೆ ಕರ್ನೆಲ್ ಲಾಗ್. ‘ಜರ್ನಲ್‌ಸಿಟಿಎಲ್ -ಕೆ’ ಔಟ್‌ಪುಟ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಹುಡುಕಿದರೆ ‘ಕಿಲ್ಡ್ ಪ್ರೊಸೆಸ್ 2217 (ಕ್ಲಾಮ್‌ಡಿ)’ ಎಂಬಂಥ ಸಾಲು ಸಿಗಬಹುದು. ಕ್ಲಾಮ್‌ಡಿ ಎಂದರೆ ಸದಾ ಓಡುತ್ತಿರುವ ಕ್ಲಾಮ್‌ಎವಿ ಪ್ರೊಸೆಸ್. ಅದನ್ನು ನೋಡಿ ಕ್ಲಾಮ್‌ಡಿಯೇ ಕಳ್ಳ ಎಂದು ತೀರ್ಮಾನಿಸಬೇಡಿ. ಕರ್ನೆಲ್ ಸಾಮಾನ್ಯವಾಗಿ ಅತಿ ದಪ್ಪಗಿರುವವನನ್ನೇ ಕೊಲ್ಲುತ್ತದೆ, ಕದ್ದವನು ಬೇರೆಯವನಿರಬಹುದು. ಆ ಸಾಲಿನ ಮೇಲುಗಡೆ, ಆ ಕ್ಷಣದಲ್ಲಿ ಓಡುತ್ತಿದ್ದ ಎಲ್ಲ ಪ್ರೊಸೆಸ್‌ಗಳ ಪಟ್ಟಿ ಇರುತ್ತದೆ. ಅಲ್ಲಿನ ‘ಆರ್‌ಎಸ್‌ಎಸ್’ (ಪ್ರೊಸೆಸ್ ನಿಜವಾಗಿ ಹಿಡಿದಿರುವ ರ‍್ಯಾಮ್) ಅಂಕಿ ಕಿಲೋಬೈಟ್ ಅಲ್ಲ, ಪುಟಗಳ ಲೆಕ್ಕ. ಸಾಮಾನ್ಯ ಇಂಟೆಲ್, ಎಎಮ್‌ಡಿ ಯಂತ್ರಗಳಲ್ಲಿ ಒಂದು ಪುಟ 4 ಕೆಬಿ, ಹಾಗಾಗಿ 3,00,000 ಎಂದಿದ್ದರೆ ಸುಮಾರು 1.2 ಜಿಬಿ. ಪಟ್ಟಿಯಲ್ಲಿ ಒಂದೇ ಹೆಸರು ಎಷ್ಟು ಸಲ ಬಂದಿದೆ ಎಂದೂ ಎಣಿಸಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತದೆ.

ಈಗ ಓಡುತ್ತಿರುವವರ ಲೆಕ್ಕಕ್ಕೆ ‘ಪಿಎಸ್ ಆಕ್ಸ್ --ಸಾರ್ಟ್=-ಆರ್‌ಎಸ್‌ಎಸ್’ ಸಾಕು. ‘ವಿಎಸ್‌ಝಡ್’ ಕಾಲಂ ನೋಡಿ ಗಾಬರಿಯಾಗಬೇಡಿ, ಅದು ಕಾಯ್ದಿರಿಸಿದ ವಿಳಾಸಗಳ ಲೆಕ್ಕವೇ ಹೊರತು ಬಳಸಿದ್ದಲ್ಲ. ಒಂದೇ ಪ್ರೋಗ್ರಾಂನ ಹತ್ತಾರು ಪ್ರತಿಗಳಿದ್ದರೆ ಹಂಚಿಕೊಂಡ ಮೆಮೊರಿಯನ್ನು ಆರ್‌ಎಸ್‌ಎಸ್ ಮತ್ತೆ ಮತ್ತೆ ಎಣಿಸುತ್ತದೆ. ಅಂಥಲ್ಲಿ ‘ಎಸ್‌ಮೆಮ್’ ಎಂಬ ಪ್ರೋಗ್ರಾಂ ಹಾಕಿಕೊಂಡು, ಹಂಚಿಕೊಂಡದ್ದನ್ನು ಪಾಲು ಮಾಡಿ ಎಣಿಸುವ ಪಿಎಸ್‌ಎಸ್ ನೋಡಿ.

ಕ್ಲಾಮ್‌ಎವಿಯ ಮೂರು ಬಲೆಗಳು

ಕ್ಲಾಮ್‌ಡಿ ತನ್ನ ವೈರಸ್ ಸಿಗ್ನೇಚರ್‌ಗಳನ್ನೆಲ್ಲ (ವೈರಸ್ ಗುರುತಿಸುವ ಚಹರೆಗಳ ಡೇಟಾಬೇಸ್) ಮೆಮೊರಿಗೆ ಏರಿಸಿಕೊಂಡೇ ಕೆಲಸ ಶುರು ಮಾಡುತ್ತದೆ. ಒಂದು ಜಿಬಿಗೂ ಹೆಚ್ಚು ಹಿಡಿಯುವುದು ಅದಕ್ಕೆ ಮಾಮೂಲು, ಸೋರಿಕೆಯಲ್ಲ. ಎಡವಟ್ಟಾಗುವುದು ಡೇಟಾಬೇಸ್ ಬದಲಾಗುವಾಗ. 0.103ನೇ ಆವೃತ್ತಿಯಿಂದ ಈಚೆಗೆ, ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಪಕ್ಕದಲ್ಲಿ ಲೋಡ್ ಮಾಡುವುದು ಡಿಫಾಲ್ಟ್. ಅಷ್ಟು ಹೊತ್ತು ಬಳಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ದಿನಕ್ಕೆ ಒಂದೆರಡು ಬಾರಿ, ಕೆಲವೇ ಸೆಕೆಂಡು ಮೆಮೊರಿ ಗ್ರಾಫ್ ಗೋಪುರದಂತೆ ಎದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ‘ಕ್ಲಾಮ್‌ಡಿ.ಕಾನ್ಫ್’ ಫೈಲ್‌ನಲ್ಲಿ ‘ಕನ್‌ಕರೆಂಟ್‌ಡೇಟಾಬೇಸ್‌ರಿಲೋಡ್ ನೋ’ ಎಂದು ಬರೆದು ಸರ್ವಿಸ್ ರೀಸ್ಟಾರ್ಟ್ ಮಾಡಿ. ರಿಲೋಡ್ ಮುಗಿಯುವವರೆಗೆ ಸ್ಕ್ಯಾನಿಂಗ್ ನಿಂತು ಮೇಲ್ ಸ್ವಲ್ಪ ತಡವಾಗುತ್ತದೆ. ಸಣ್ಣ ಸರ್ವರ್‌ಗೆ ಇದೇನೂ ದುಬಾರಿಯಲ್ಲ.

ಎರಡನೆಯದು, ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಅಡಗಿರುತ್ತದೆ. ರಾತ್ರಿ ಹೊತ್ತು ಮೇಲ್‌ಬಾಕ್ಸ್ ಜಾಲಾಡಲು ಯಾರೋ ಎಂದೋ ‘ಕ್ಲಾಮ್‌ಸ್ಕ್ಯಾನ್’ ಹಾಕಿಟ್ಟಿರುತ್ತಾರೆ. ಅದು ಕ್ಲಾಮ್‌ಡಿಯನ್ನು ಮಾತಾಡಿಸುವುದೇ ಇಲ್ಲ, ಇಡೀ ಡೇಟಾಬೇಸನ್ನು ತಾನೇ ಮತ್ತೊಮ್ಮೆ ಏರಿಸಿಕೊಳ್ಳುತ್ತದೆ. ಅದರ ಜಾಗದಲ್ಲಿ ‘ಕ್ಲಾಮ್‌ಡಿಸ್ಕ್ಯಾನ್ --ಎಫ್‌ಡಿಪಾಸ್’ ಬಳಸಿ.

ಮೂರನೆಯದೇ ಭಾರಿ ಅಪಾಯದ್ದು. ಡೆಬಿಯನ್‌ನಲ್ಲಿ ಅಮಾವಿಸ್‌ನ ‘15-ಎವಿ_ಸ್ಕ್ಯಾನರ್ಸ್’ ಫೈಲ್ ತೆರೆದರೆ ‘ಎವಿ_ಸ್ಕ್ಯಾನರ್ಸ್_ಬ್ಯಾಕಪ್’ ಎಂಬ ಪಟ್ಟಿ ಕಾಣುತ್ತದೆ. ಅದರಲ್ಲಿ ಕ್ಲಾಮ್‌ಸ್ಕ್ಯಾನ್ ಇರುತ್ತದೆ. ಕ್ಲಾಮ್‌ಡಿ ಸತ್ತಾಗ ಅಮಾವಿಸ್ ಇದನ್ನು ಕರೆಯುತ್ತದೆ, ಅದೂ ಪ್ರತಿಯೊಂದು ಮೇಲ್‌ಗೂ. ಅಮಾವಿಸ್‌ನ ನಾಲ್ಕು ಮಕ್ಕಳು (ಅದು ಹುಟ್ಟಿಸುವ ಪ್ರೊಸೆಸ್‌ಗಳು) ಓಡುತ್ತಿದ್ದರೆ ನಾಲ್ಕು ಕ್ಲಾಮ್‌ಸ್ಕ್ಯಾನ್, ತಲಾ ಒಂದು ಜಿಬಿ. ಮೆಮೊರಿ ಸಾಲದೆ ಸತ್ತ ಕ್ಲಾಮ್‌ಡಿಯ ಬದಲಿಗೆ ನಾಲ್ಕು ಪಟ್ಟು ತಿನ್ನುವವರು ಬಂದು ಕೂರುತ್ತಾರೆ. ಆ ಬ್ಯಾಕಪ್ ಪಟ್ಟಿಯನ್ನು ಖಾಲಿ ಮಾಡಿ. ಆಗ ಕ್ಲಾಮ್‌ಡಿ ಬಿದ್ದರೆ ಅಮಾವಿಸ್ 451 ಎಂಬ ತಾತ್ಕಾಲಿಕ ದೋಷ ಕೊಡುತ್ತದೆ, ಮೇಲ್ ಪೋಸ್ಟ್‌ಫಿಕ್ಸ್ ಕ್ಯೂನಲ್ಲಿ ಉಳಿಯುತ್ತದೆ. ಡಿಫಾಲ್ಟ್‌ನಂತೆ 5 ದಿನ ಮತ್ತೆ ಮತ್ತೆ ಪ್ರಯತ್ನ ನಡೆಯುವುದರಿಂದ ಅಷ್ಟರೊಳಗೆ ಸರಿಪಡಿಸಿದರೆ ಮೇಲ್ ಕಳೆದುಹೋಗುವುದಿಲ್ಲ.

ಉಳಿದವರು

ಅಮಾವಿಸ್‌ಗೆ ಎಷ್ಟು ಮಕ್ಕಳಿರಬೇಕು ಎಂದು ಹೇಳುವ ‘ಮ್ಯಾಕ್ಸ್_ಸರ್ವರ್ಸ್’ ಡಿಫಾಲ್ಟ್ 2. ಮೇಲ್ ನಿಧಾನ ಎಂಬ ದೂರು ಬಂದಾಗ ಅದನ್ನು 10ಕ್ಕೆ ಏರಿಸಿ ಮರೆತುಬಿಡುವುದುಂಟು. ಸ್ಪ್ಯಾಮ್ ಹಿಡಿಯುವ ಸ್ಪ್ಯಾಮ್‌ಅಸಾಸಿನ್‌ನ ನಿಯಮಗಳನ್ನು ಹೊತ್ತ ಒಂದೊಂದು ಮಗುವೂ ನೂರು ಎಂಬಿಯ ಆಸುಪಾಸಿನದು. ಒಂದರ ಪಿಎಸ್‌ಎಸ್ ಅಳೆದು ಗುಣಿಸಿ, ಯಂತ್ರಕ್ಕೆ ತಡೆಯುವಷ್ಟೇ ಇಡಿ. ಪೋಸ್ಟ್‌ಫಿಕ್ಸ್‌ನ ‘ಮಾಸ್ಟರ್.ಸಿಎಫ್’ ಫೈಲ್‌ನಲ್ಲಿ ಅಮಾವಿಸ್‌ಗೆ ಕಳಿಸುವ ಸಾಲಿನ ‘ಮ್ಯಾಕ್ಸ್‌ಪ್ರೊಕ್’ ಕಾಲಂಗೂ ಅದೇ ಸಂಖ್ಯೆ ಹಾಕಿ.

ಪೋಸ್ಟ್‌ಫಿಕ್ಸ್ ಸ್ವತಃ ಮಿತಾಹಾರಿ. ಕ್ಯೂ ಡಿಸ್ಕ್‌ನಲ್ಲಿರುತ್ತದೆ, ಸಕ್ರಿಯ ಮೇಲ್‌ಗಳ ಮಿತಿ 20,000. ಆದರೂ ಕ್ಯೂನಲ್ಲಿ ಯಾವ ಡೊಮೇನ್‌ಗೆ ಎಷ್ಟು ಮೇಲ್ ಇವೆ ಎಂದು ತೋರಿಸುವ ‘ಕ್ಯೂಶೇಪ್ ಆ್ಯಕ್ಟಿವ್’ ಒಮ್ಮೆ ನೋಡಿ. ಗೊತ್ತಿಲ್ಲದ ಡೊಮೇನ್‌ಗಳಿಗೆ ಸಾವಿರಾರು ಮೇಲ್ ಕಾದಿದ್ದರೆ ಯಾರದೋ ಪಾಸ್‌ವರ್ಡ್ ಸೋರಿರಬಹುದು. ಮೇಲ್ ಲಾಗ್‌ನಲ್ಲಿ ‘ಎಸ್‌ಎಎಸ್‌ಎಲ್_ಯೂಸರ್‌ನೇಮ್’ (ಲಾಗಿನ್ ಆದವರ ಹೆಸರು) ಎಣಿಸಿದರೆ ಯಾರದೆಂದು ತಿಳಿಯುತ್ತದೆ.

ಡವ್‌ಕಾಟ್ ಪ್ರತಿ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲ್ ಓದುವ ವಿಧಾನ) ಸಂಪರ್ಕಕ್ಕೂ ಒಂದು ಪ್ರೊಸೆಸ್ ಇಡುತ್ತದೆ. ಮೇಲ್ ಓದುವ ಪ್ರೋಗ್ರಾಂ ಥಂಡರ್‌ಬರ್ಡ್ ಒಂದೇ ಖಾತೆಗೆ 5 ಸಂಪರ್ಕದವರೆಗೆ ತೆರೆದಿಡಬಲ್ಲದು. ಜೊತೆಗೆ ಫೋನು. 60 ಜನರಿರುವಲ್ಲಿ 300 ದಾಟುವುದು ಕಷ್ಟವೇನಲ್ಲ. ‘ಡವ್‌ಆಡ್ಮ್ ಹೂ’ ಕೊಟ್ಟರೆ ಯಾರ ಹೆಸರಲ್ಲಿ ಎಷ್ಟಿವೆ ಎಂದು ಕಾಣುತ್ತದೆ. ಬಹುಪಾಲು ಸಂಪರ್ಕಗಳು ಹೊಸ ಮೇಲ್‌ಗಾಗಿ ಸುಮ್ಮನೆ ಕಾದಿರುತ್ತವೆ. 2.3ನೇ ಆವೃತ್ತಿಯಲ್ಲಿ ‘ಐಮ್ಯಾಪ್_ಹೈಬರ್ನೇಟ್_ಟೈಮ್‌ಔಟ್ = 30ಎಸ್’ ಹಾಕಿದರೆ ಇಂಥವೆಲ್ಲ ಒಂದು ಸಣ್ಣ ಪ್ರೊಸೆಸ್‌ಗೆ ಸೇರುತ್ತವೆ; ‘ಐಮ್ಯಾಪ್-ಮಾಸ್ಟರ್’ ಸಾಕೆಟ್‌ಗೆ ಅನುಮತಿ ಕೊಡುವುದನ್ನು ಮರೆಯಬೇಡಿ. ಲಾಗ್‌ನಲ್ಲಿ ‘ವಿಎಸ್‌ಝಡ್_ಲಿಮಿಟ್=256 ಎಂಬಿ’ ಎಂಬ ದೋಷ ಕಂಡರೆ ಅದು ಯಂತ್ರದ ಕೊರತೆಯಲ್ಲ, ಡವ್‌ಕಾಟ್ ತನಗೆ ತಾನೇ ಹಾಕಿಕೊಂಡ ಬೇಲಿ. ದೊಡ್ಡ ಮೇಲ್‌ಬಾಕ್ಸ್‌ನ ಕ್ಯಾಶ್ ಫೈಲ್ ಅದನ್ನು ಮುಟ್ಟಿರುತ್ತದೆ. ಆ ಸರ್ವಿಸ್‌ಗೆ ಮಾತ್ರ 512 ಎಂಬಿ ಮಾಡಿ, ಹೊಸ ರ‍್ಯಾಮ್ ಕೊಳ್ಳಲು ಓಡಬೇಡಿ.

ಕ್ಲಾಮ್‌ಡಿಗೆ ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ) ‘ಮೆಮೊರಿಮ್ಯಾಕ್ಸ್’ ಎಂಬ ಮಿತಿ ಹಾಕುವ ಸಲಹೆ ಆಗಾಗ ಕೇಳಿಬರುತ್ತದೆ. ಮಿತಿ ಬಿಗಿಯಾದರೆ ಅದು ಲೋಡ್ ಆಗುತ್ತಲೇ ಸಾಯುತ್ತದೆ, ಮತ್ತೆ ಏಳುತ್ತದೆ, ಮತ್ತೆ ಸಾಯುತ್ತದೆ. 2 ಜಿಬಿಯ ಯಂತ್ರವಾದರೆ ಕ್ಲಾಮ್‌ಡಿಯನ್ನೇ ಕೈಬಿಟ್ಟು, ಪೋಸ್ಟ್‌ಫಿಕ್ಸ್‌ನ ‘ಮೈಮ್_ಹೆಡರ್_ಚೆಕ್ಸ್’ ಮೂಲಕ ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್ ಅಟ್ಯಾಚ್‌ಮೆಂಟ್‌ಗಳನ್ನು ಬಾಗಿಲಲ್ಲೇ ತಡೆಯುವುದು ಮೇಲು. ಜಿಪ್ ಒಳಗೆ ಅಡಗಿದ್ದು ಇದಕ್ಕೆ ಸಿಗುವುದಿಲ್ಲ ಎಂಬುದು ನೆನಪಿರಲಿ.

ಬದಲಾವಣೆ ಫಲಿಸಿತೇ ಎಂದು ಮುಂದಿನ ಅಪ್‌ಡೇಟ್‌ವರೆಗೆ ಕಾಯಬೇಕಿಲ್ಲ. ಒಂದು ಕಿಟಕಿಯಲ್ಲಿ ‘ವಾಚ್ -ಎನ್ 1 ಫ್ರೀ -ಎಮ್’ ಓಡಿಸಿ, ಇನ್ನೊಂದರಲ್ಲಿ ‘ಕ್ಲಾಮ್‌ಡಿಸ್ಕ್ಯಾನ್ --ರಿಲೋಡ್’ ಕೊಡಿ. ಕಚೇರಿ ವೇಳೆಯಲ್ಲೇ, ಐಮ್ಯಾಪ್ ಸಂಪರ್ಕಗಳು ತುಂಬಿರುವಾಗಲೇ ಮಾಡಿ. ರಿಲೋಡ್ ನಡೆಯುವಾಗಲೂ ‘ಅವೈಲಬಲ್’ 400 ಎಂಬಿಗಿಂತ ಕೆಳಗೆ ಇಳಿಯದಿದ್ದರೆ ಅಲರ್ಟ್ ಮಿತಿಯನ್ನು ಅದೇ ಕಾಲಂಗೆ ಕಟ್ಟಿಹಾಕಿ.